ಎತ್ತರದ ಸವಾರ, ಟೂರಿಂಗ್ ಬೈಕು: ಬಿಡಿಭಾಗ ಹಾಕಿಸಿದ ಮೇಲೆ ಬರುವ ತೊಂದರೆಯ ಮೂಲ ಹುಡುಕುವ ಬಗೆ

ಆರಡಿ ದಾಟಿದವರು ಟೂರಿಂಗ್ ಬೈಕು ಕೊಂಡರೆ ಸ್ವಲ್ಪ ದಿನದಲ್ಲೇ ಒಂದು ಪಟ್ಟಿ ತಯಾರಾಗುತ್ತದೆ. ಹ್ಯಾಂಡಲ್ ಎತ್ತರಿಸುವ ರೈಸರ್, ದಪ್ಪ ಸೀಟು, ತಗ್ಗಿಸಿದ ಫುಟ್‌ರೆಸ್ಟ್, ದೊಡ್ಡ ವಿಂಡ್‌ಶೀಲ್ಡ್, ಹಿಂದೆ ಟಾಪ್ ಬಾಕ್ಸ್, ಮುಂದೆ ಜೋಡಿ ಫಾಗ್ ಲ್ಯಾಂಪ್. ಪಟ್ಟಿಯಲ್ಲಿ ತಪ್ಪೇನಿಲ್ಲ. ಗಾಡಿ ರೂಪಿಸುವವರು ಲೆಕ್ಕಕ್ಕೆ ಹಿಡಿಯುವುದು ಸಾಧಾರಣ ಎತ್ತರದ ದೇಹವನ್ನು. ಆರಡಿ ಎರಡಿಂಚಿನವರು ಅದೇ ಸೀಟಿನಲ್ಲಿ ಕೂತರೆ ಮಂಡಿ ಮಡಚಿಕೊಳ್ಳುತ್ತದೆ, ಬೆನ್ನು ಬಾಗುತ್ತದೆ, ಗಾಳಿ ನೇರ ಹೆಲ್ಮೆಟ್‌ಗೆ ಬಡಿಯುತ್ತದೆ. ಹಾಗಾಗಿ ಬಿಡಿಭಾಗ ಬೇಕೇ ಬೇಕು. ಕಷ್ಟ ಶುರುವಾಗುವುದು ಅವನ್ನೆಲ್ಲ ಒಂದೇ ಭಾನುವಾರ ಹಾಕಿಸಿಕೊಂಡು ಸೋಮವಾರ ಹೆದ್ದಾರಿಗೆ ಇಳಿದಾಗ. ಗಾಡಿ ಆಡುತ್ತದೆ, ತಲೆ ಅಲುಗುತ್ತದೆ, ಹಿಂದಿನ ಬ್ರೇಕ್ ಡಿಸ್ಕ್ ಕಾಯುತ್ತದೆ, ಬ್ಯಾಟರಿ ಕೂರುತ್ತದೆ. ಆರು ಹೊಸ ಸಾಮಾನಿನಲ್ಲಿ ತಪ್ಪು ಯಾವುದರದು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ತುಮಕೂರಿನಲ್ಲಿ ಎತ್ತರದ ಸವಾರರ ಗಾಡಿಗಳನ್ನು ನೋಡುತ್ತ ಬಂದ ನನಗೆ ಒಂದು ವಿಷಯ ಗಟ್ಟಿಯಾಗಿದೆ. ತೊಂದರೆ ಕಾಣುವ ಜಾಗದಲ್ಲಿ ಕಾರಣ ಇರುವುದು ಅಪರೂಪ. ಹೆಲ್ಮೆಟ್ ಅಲುಗಿದರೆ ಎಲ್ಲರೂ ವಿಂಡ್‌ಶೀಲ್ಡ್ ಬೈಯುತ್ತಾರೆ, ಕಾರಣ ಸೀಟಿನಲ್ಲಿರುತ್ತದೆ. ಹ್ಯಾಂಡಲ್ ಆಡಿದರೆ ಮುಂದಿನ ಟೈರು ಬದಲಾಯಿಸುತ್ತಾರೆ, ಕಾರಣ ಹಿಂದಿನ ಡಬ್ಬಿಯಲ್ಲಿರುತ್ತದೆ. ಒಂದು ಸಾಮಾನು ಒಂದು ಕಷ್ಟ ತೀರಿಸಿ ಅದನ್ನು ಪಕ್ಕದ ಜಾಗಕ್ಕೆ ದೂಡುತ್ತದೆ. ಆದ್ದರಿಂದ ಲಕ್ಷಣದಿಂದ ಒಂದು ಹೆಜ್ಜೆ ಹಿಂದಕ್ಕೆ ನೋಡಬೇಕು: ಇದಕ್ಕಿಂತ ಮುಂಚೆ ಏನು ಹಾಕಿಸಿದೆ, ಅದರಿಂದ ನನ್ನ ದೇಹ ಎಲ್ಲಿಂದ ಎಲ್ಲಿಗೆ ಸರಿಯಿತು?

ಹುಡುಕುವ ಮುಂಚೆ

ಏನೇನು ಯಾವ ಕ್ರಮದಲ್ಲಿ ಹಾಕಿಸಿದಿರಿ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಬಿಚ್ಚಿದ ಕಂಪನಿ ಬೋಲ್ಟು, ವಾಷರ್, ಹಳೇ ಸೀಟು ಯಾವುದನ್ನೂ ಎಸೆಯಬೇಡಿ, ಪರೀಕ್ಷೆಗೆ ಅವೇ ಆಧಾರ. ಎರಡೂ ಟೈರಿನ ಗಾಳಿಯನ್ನು ಬೆಳಗ್ಗೆ ತಣ್ಣಗಿರುವಾಗ ಒಂದೇ ಗೇಜಿನಲ್ಲಿ ನೋಡಿ, ಚೈನ್ ಗಾರ್ಡಿನ ಮೇಲೋ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೋ ಅಂಟಿಸಿರುವ ಚೀಟಿಯಲ್ಲಿ ಹೇಳಿದಷ್ಟು ತುಂಬಿಸಿ. ಒಬ್ಬರಿಗೆ ಒಂದು ಲೆಕ್ಕ, ಹಿಂದೆ ಇನ್ನೊಬ್ಬರೋ ಸಾಮಾನೋ ಇದ್ದರೆ ಬೇರೆ ಲೆಕ್ಕ ಇರುತ್ತದೆ. ಇಷ್ಟಕ್ಕೇ ವಾಸಿಯಾದ ಗಾಡಿಗಳಿವೆ.

ಪರೀಕ್ಷೆಯ ದಾರಿ ಪ್ರತಿ ಸಲವೂ ಒಂದೇ ಇರಲಿ. ನಮ್ಮ ಕಡೆಯವರಿಗೆ ಕ್ಯಾತ್ಸಂದ್ರದಿಂದ ದಾಬಸ್‌ಪೇಟೆವರೆಗಿನ ರಾಷ್ಟ್ರೀಯ ಹೆದ್ದಾರಿ 48 ಸಾಕು. ರಸ್ತೆ ಅಗಲ, ತಿರುವು ಕಡಿಮೆ, ಬೆಳಗ್ಗೆ ಆರರ ಸುಮಾರಿಗೆ ಗಾಳಿ ನಿಂತಿರುತ್ತದೆ. ನಿಧಾನದ ತಿರುವಿನ ಪರೀಕ್ಷೆಗೆ ನಾಮದ ಚಿಲುಮೆ ದಾಟಿ ದೇವರಾಯನದುರ್ಗಕ್ಕೆ ಹತ್ತುವ ರಸ್ತೆ. ನಾಲ್ಕು ಪಥದ ಹೆದ್ದಾರಿಯಲ್ಲೂ ಬೈಕಿಗೆ ಗಂಟೆಗೆ 80 ಕಿ.ಮೀ. ಮಿತಿ. ಕೆಳಗೆ ಹೇಳುವ ಎಲ್ಲ ಲಕ್ಷಣಗಳೂ ಆ ಮಿತಿಯೊಳಗೇ ಗೊತ್ತಾಗುತ್ತವೆ, ಅದಕ್ಕಿಂತ ಜೋರಾಗಿ ಓಡಿಸಿ ನೋಡುವ ಅಗತ್ಯವಿಲ್ಲ. ಒಂದು ಓಟಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಫಲ ಯಾವುದರದು ಅಂತ ತಿಳಿಯುವುದಿಲ್ಲ.

ಹೆಲ್ಮೆಟ್ ಅಲುಗುವುದು, ಕಿವಿಯಲ್ಲಿ ಗುಡುಗು

ಎತ್ತರದವರ ಅತಿ ದೊಡ್ಡ ದೂರು ಇದೇ. ಅರವತ್ತು ದಾಟಿದ ಮೇಲೆ ಯಾರೋ ಹೆಲ್ಮೆಟ್ ಹಿಡಿದು ಬಡಿದಂತಾಗುತ್ತದೆ, ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡಾಗಿ ಕಾಣುತ್ತದೆ, ಒಂದು ಗಂಟೆಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ.

ವಿಂಡ್‌ಶೀಲ್ಡಿನ ಮೇಲಂಚಿನಿಂದ ಹೊರಟ ಗಾಳಿ ಅಲ್ಲಿಂದಾಚೆ ಶಾಂತವಾಗಿ ಹರಿಯುವುದಿಲ್ಲ. ಮೇಲೆ ಹರಿಯುವ ಗಾಳಿ ವೇಗವಾಗಿರುತ್ತದೆ, ಶೀಲ್ಡಿನ ಹಿಂದಿನ ಗಾಳಿ ಹೆಚ್ಚುಕಡಿಮೆ ನಿಂತಿರುತ್ತದೆ. ಇವೆರಡೂ ಸೇರುವ ಗಡಿಯಲ್ಲಿ ಸುಳಿಗಳ ಒಂದು ಪಟ್ಟಿ ಹುಟ್ಟುತ್ತದೆ. ಐದೂವರೆ ಅಡಿಯವರ ತಲೆ ಆ ಪಟ್ಟಿಯ ಕೆಳಗೆ ಇರುವ ಸಂಭವ ಹೆಚ್ಚು. ಆರಡಿ ದಾಟಿದವರ ಗಲ್ಲದಿಂದ ಹಣೆಯವರೆಗಿನ ಭಾಗ ಸರಿಯಾಗಿ ಆ ಪಟ್ಟಿಗೇ ಸಿಕ್ಕಿಹಾಕಿಕೊಳ್ಳುತ್ತದೆ. ಎದುರು ಗಾಳಿ ನೇರ ಬಡಿದರೆ ಒಂದೇ ಸಮನೆ ತಳ್ಳುತ್ತದೆ, ಅದನ್ನು ಕುತ್ತಿಗೆ ತಡೆದುಕೊಳ್ಳುತ್ತದೆ. ಸುಳಿ ಹಾಗಲ್ಲ, ಅತ್ತಿತ್ತ ಕುಟ್ಟುತ್ತದೆ.

ನೇರ ರಸ್ತೆಯಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ, ಎಪ್ಪತ್ತರ ವೇಗದಲ್ಲಿ ಬೆನ್ನು ಬಗ್ಗಿಸಿ ತಲೆಯನ್ನು ಮೂರ್ನಾಲ್ಕು ಇಂಚು ಕೆಳಗೆ ತನ್ನಿ. ಸದ್ದು ನಿಂತರೆ ನೀವು ಸುಳಿಯ ಪಟ್ಟಿಯಿಂದ ಕೆಳಗಿಳಿದಿರಿ ಎಂದರ್ಥ. ಆಮೇಲೆ ಸೀಟಿನಿಂದ ಸ್ವಲ್ಪ ಮೇಲೆದ್ದು ತಲೆ ಎತ್ತರಿಸಿ. ಅಲ್ಲೂ ಅಲುಗಾಟ ನಿಂತರೆ, ಗಾಳಿಯ ಒತ್ತಡ ಬಂದರೂ ಕುಟ್ಟುವುದು ನಿಂತರೆ, ನೀವು ಪಟ್ಟಿಯಿಂದ ಮೇಲೆ ಬಂದಿರಿ. ಎರಡರಲ್ಲಿ ಯಾವುದಕ್ಕೆ ಕಡಿಮೆ ಸರಿಯಬೇಕಾಯಿತೋ ಪರಿಹಾರ ಆ ಕಡೆ ಇದೆ. ಒಂದಿಂಚು ಬಗ್ಗಿದರೆ ಸಾಕಾಯಿತೇ, ಶೀಲ್ಡಿನ ತುದಿಗೆ ಹಾಕುವ ಸಣ್ಣ ಸ್ಪಾಯ್ಲರ್ ಸಾಕು. ಒಂದಿಂಚು ಮೇಲೆದ್ದರೆ ಸಾಕಾಯಿತೇ, ಈಗಿರುವುದಕ್ಕಿಂತ ಗಿಡ್ಡ ಶೀಲ್ಡ್ ಹಾಕಿಸಿ.

ಎರಡನೇ ಪರೀಕ್ಷೆ ಶೀಲ್ಡ್ ಪೂರ್ತಿ ಬಿಚ್ಚಿ ಓಡಿಸುವುದು. ನಾಲ್ಕು ಅಲೆನ್ ಬೋಲ್ಟಿನ ಕೆಲಸ. ಶೀಲ್ಡ್ ಇಲ್ಲದೆ ತಲೆ ಸ್ಥಿರವಾಗಿ ನಿಂತರೆ ತಪ್ಪು ಶೀಲ್ಡಿನ ಎತ್ತರದ್ದೋ ಕೋನದ್ದೋ ಅಂತ ಖಚಿತ. ಶೀಲ್ಡ್ ಇಲ್ಲದಿದ್ದರೂ ಅಲುಗಿದರೆ ಹೆಲ್ಮೆಟ್ ನೋಡಿ. ಅಡ್ವೆಂಚರ್ ಹೆಲ್ಮೆಟ್ಟಿನ ಮುಂದೆ ಚಾಚಿರುವ ಪೀಕ್ ಗಾಳಿಗೆ ಮೇಲೇಳುತ್ತದೆ, ಪಕ್ಕದ ಗಾಳಿಗೆ ತಲೆ ತಿರುಗಿಸುತ್ತದೆ. ಅದನ್ನು ಬಿಚ್ಚಿ ಇನ್ನೊಂದು ಸಲ ಓಡಿಸಿ.

ಸುಳಿ ಎಲ್ಲಿಂದ ಬರುತ್ತಿದೆ ಅಂತ ಕಣ್ಣಾರೆ ನೋಡಬೇಕಿದ್ದರೆ ಉಲ್ಲನ್ ದಾರವನ್ನು ನಾಲ್ಕಿಂಚಿನ ತುಂಡು ಮಾಡಿ ಶೀಲ್ಡಿನ ಮೇಲಂಚಿಗೆ, ಎರಡೂ ಬದಿಗೆ, ಹೆಲ್ಮೆಟ್ಟಿನ ಗಲ್ಲದ ಹತ್ತಿರ ಟೇಪಿನಲ್ಲಿ ಅಂಟಿಸಿ. ಗೆಳೆಯರೊಬ್ಬರು ಪಕ್ಕದಲ್ಲಿ ಕಾರಿನಲ್ಲಿ ಬಂದು ವಿಡಿಯೊ ತೆಗೆಯಲಿ. ದಾರ ಹಿಂದಕ್ಕೆ ನೆಟ್ಟಗೆ ನಿಂತಿದ್ದರೆ ಅಲ್ಲಿ ಗಾಳಿ ಶಾಂತ. ದಾರ ಕುಣಿಯುವ ಜಾಗದಲ್ಲಿ ಸುಳಿಯಿದೆ. ಹಲವು ಗಾಡಿಗಳಲ್ಲಿ ಕುಣಿತ ಕಾಣುವುದು ಮೇಲಂಚಿನಲ್ಲಲ್ಲ, ಕೆಳಗೆ ಹೆಡ್‌ಲೈಟ್ ಮತ್ತು ಟ್ಯಾಂಕಿನ ನಡುವೆ. ಶೀಲ್ಡ್ ಅಗಲವಾದಷ್ಟೂ ಅದರ ಹಿಂದೆ ಒತ್ತಡ ಇಳಿಯುತ್ತದೆ, ಕೆಳಗಿನ ಗಾಳಿ ಅಲ್ಲಿಗೆ ನುಗ್ಗಿ ಎದೆಯ ಮೇಲಿಂದ ಗಲ್ಲಕ್ಕೆ ಏರುತ್ತದೆ. ಇಂಥ ಕಡೆ ಶೀಲ್ಡಿನ ಕೆಳಗಿನ ಬೋಲ್ಟುಗಳಿಗೆ ಹತ್ತು ಹದಿನೈದು ಮಿಲಿಮೀಟರಿನ ಬುಷ್ ಕೊಟ್ಟು ಮುಂದಕ್ಕೆ ಸರಿಸಿದರೆ, ಸಂದಿನಿಂದ ಒಳಬರುವ ಗಾಳಿ ಒತ್ತಡ ಸರಿದೂಗಿಸುತ್ತದೆ. ಬುಷ್ಷನ್ನು ಯಾವ ಲೇತ್ ಅಂಗಡಿಯಲ್ಲೂ ತಿರುಗಿಸಿ ಕೊಡುತ್ತಾರೆ.

ಇನ್ನು ಸೀಟು. ಕುಷನ್ ಅಂಗಡಿಯಲ್ಲಿ ಫೋಮ್ ಸೇರಿಸಿ ಸೀಟನ್ನು ಮೂವತ್ತು ಮಿಲಿಮೀಟರ್ ಎತ್ತರಿಸಿದರೆ ಮಂಡಿಗೆ ಹಿತ, ಆದರೆ ತಲೆಯೂ ಅಷ್ಟೇ ಮೇಲೆ ಹೋಗುತ್ತದೆ. ಸೀಟು ಮಾಡಿಸುವವರೆಗೆ ಶೀಲ್ಡ್ ಸರಿಯಾಗಿಯೇ ಇತ್ತು ಅನ್ನುವವರಿಗೆ ಉತ್ತರ ಇಲ್ಲೇ ಇದೆ. ಆಮೇಲೆ ಅವರು ಇನ್ನೂ ಎತ್ತರದ ಶೀಲ್ಡ್ ತರುತ್ತಾರೆ, ಅದು ಮುಂದಿನ ತೊಂದರೆಗೆ ಬಾಗಿಲು.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಆರಡಿ ಎರಡಿಂಚು ದಾಟಿದವರಿಗೆ ಮುನ್ನೂರೈವತ್ತು, ನಾನೂರು ಸಿ.ಸಿ. ಗಾತ್ರದ ಗಾಡಿಯಲ್ಲಿ ಎತ್ತರದ ಶೀಲ್ಡಿಗಿಂತ ಗಿಡ್ಡ ಶೀಲ್ಡೇ ಮೇಲು. ಎದೆಗೆ ಗಾಳಿ ತಡೆದರೆ ಸಾಕು, ತಲೆ ಶುದ್ಧ ಗಾಳಿಯಲ್ಲಿರಲಿ. ಸದ್ದಿಗೆ ಫೋಮಿನ ಇಯರ್ ಪ್ಲಗ್ ಇದೆ. ತಲೆಯನ್ನು ಪೂರ್ತಿ ಮುಚ್ಚುವಷ್ಟು ದೊಡ್ಡ ಶೀಲ್ಡ್ ಇಷ್ಟು ಹಗುರ ಗಾಡಿಯ ಹ್ಯಾಂಡಲಿಗೋ ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೋ ಭಾರ.

ಎಪ್ಪತ್ತು ದಾಟಿದರೆ ಗಾಡಿ ಆಡುವುದು

ಶಿರಾ ಗೇಟ್ ಕಡೆಯ ಯುವಕರೊಬ್ಬರು ಬಂದು, “ಅಣ್ಣಾ, ಎಪ್ಪತ್ತೈದು ಮುಟ್ಟಿದ್ರೆ ಗಾಡಿ ಹಾವಿನ ಥರ ಹೋಗುತ್ತೆ” ಅಂದರು. ಮುಂದಿನ ಟೈರು ಆಗಲೇ ಬದಲಾಯಿಸಿದ್ದರು, ಕೋನ್ ಸೆಟ್ಟೂ (ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್) ಹೊಸದು. ಎರಡಕ್ಕೂ ಖರ್ಚಾಗಿತ್ತು, ಗುಣ ಇರಲಿಲ್ಲ.

ಮೊದಲು ಆಟ ಯಾವ ಬಗೆಯದು ಅಂತ ತಿಳಿಯಬೇಕು. ಹ್ಯಾಂಡಲ್ ಮಾತ್ರ ಪಟಪಟನೆ ನಡುಗಿದರೆ, ಸೆಕೆಂಡಿಗೆ ಆರರಿಂದ ಹತ್ತು ಸಲ, ಸಾಮಾನ್ಯವಾಗಿ ಮಧ್ಯಮ ವೇಗದಲ್ಲಿ, ಆಗ ಮುಂಭಾಗ ಪರೀಕ್ಷಿಸಿ: ಮುಂದಿನ ಟೈರಿನ ಸವೆತ, ಚಕ್ರದ ಬ್ಯಾಲೆನ್ಸ್, ಕೋನ್ ಸೆಟ್, ಮುಂದಿನ ಆಕ್ಸಲ್. ಇಡೀ ಗಾಡಿ ಹಿಂದಿನಿಂದ ಅತ್ತಿತ್ತ ತೂಗಿದರೆ, ಸೆಕೆಂಡಿಗೆ ಎರಡರಿಂದ ನಾಲ್ಕು ಸಲ, ವೇಗ ಹೆಚ್ಚಿದಂತೆ ಅದೂ ಹೆಚ್ಚಿದರೆ, ಹಿಂಭಾಗ ನೋಡಬೇಕು. ಅವರ ಗಾಡಿಯದು ಎರಡನೇ ಬಗೆ. ಅದಕ್ಕೇ ಟೈರು, ಕೋನ್ ಸೆಟ್ಟಿಗೆ ಹಾಕಿದ ದುಡ್ಡು ಫಲ ಕೊಡಲಿಲ್ಲ.

ಹಿಂದಿನ ಆಕ್ಸಲ್ಲಿನಿಂದ ಅರ್ಧ ಮೀಟರ್ ಹಿಂದೆ ಕೂತ ಟಾಪ್ ಬಾಕ್ಸಿನಲ್ಲಿ ಹತ್ತು ಕಿಲೋ ಇದೆ ಅಂದುಕೊಳ್ಳಿ. ಎರಡು ಚಕ್ರಗಳ ನಡುವಿನ ದೂರ ಒಂದೂವರೆ ಮೀಟರ್. ಆ ಹತ್ತು ಕಿಲೋ ಮುಂದಿನ ಚಕ್ರದಿಂದ ಮೂರು ಕಿಲೋಗೂ ಸ್ವಲ್ಪ ಹೆಚ್ಚು ಭಾರ ಎತ್ತಿಬಿಡುತ್ತದೆ, ಹಿಂದಿನ ಚಕ್ರಕ್ಕೆ ಹದಿಮೂರು ಕಿಲೋಗೂ ಹೆಚ್ಚು ಹೇರುತ್ತದೆ. ಜೊತೆಗೆ ಎತ್ತರದವರು ಕೂರುವುದೇ ಸೀಟಿನ ಹಿಂಭಾಗದಲ್ಲಿ, ಮುಂಡವೂ ಉದ್ದ. ಹಿಂದಿನ ಶಾಕ್ ಅಬ್ಸಾರ್ಬರ್ ಕಂಪನಿಯ ಸೆಟ್ಟಿಂಗಿನಲ್ಲೇ ಇದ್ದರೆ ಗಾಡಿಯ ಹಿಂಭಾಗ ಕುಸಿದು ಮುಂಭಾಗ ಮೇಲೇಳುತ್ತದೆ, ಫೋರ್ಕಿನ ಕೋನ ಮಲಗುತ್ತದೆ, ಮುಂದಿನ ಚಕ್ರದ ಹಿಡಿತ ಸಡಿಲ. ಅಲ್ಲಿಗೆ ಎತ್ತರದ ಶೀಲ್ಡೂ ಸೇರಿದರೆ, ಗಾಳಿ ಬಂದಷ್ಟೂ ಮುಂಭಾಗವನ್ನು ಎತ್ತುತ್ತದೆ.

ಹುಡುಕುವ ಕ್ರಮ ಇಷ್ಟು. ಡಬ್ಬಿ ಬಿಚ್ಚಿಟ್ಟು ಅದೇ ದಾರಿಯಲ್ಲಿ ಓಡಿಸಿ. ಖಾಲಿ ಡಬ್ಬಿ ಅಂತ ಬಿಡಬೇಡಿ, ಖಾಲಿ ಇದ್ದರೂ ಗಾಳಿಗೆ ಅದು ಹಿಂದೆ ಕಟ್ಟಿದ ಹಲಗೆ. ಆಟ ನಿಂತರೆ ಅರ್ಧ ಉತ್ತರ ಸಿಕ್ಕಿತು. ಇನ್ನರ್ಧಕ್ಕೆ ಹಿಂದಿನ ಪ್ರೀಲೋಡ್, ಅಂದರೆ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೆ ಅನ್ನುವುದು. ಗಾಡಿಯನ್ನು ಮೇನ್ ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಆಕ್ಸಲ್ಲಿನಿಂದ ನೇರ ಮೇಲೆ ಸೀಟಿನ ಕೆಳಗಿನ ಒಂದು ಗುರುತಿಗೆ ಟೇಪು ಹಿಡಿದು ಅಳೆಯಿರಿ. ಆಮೇಲೆ ಸ್ಟ್ಯಾಂಡ್ ಇಳಿಸಿ, ರೈಡಿಂಗ್ ಜಾಕೆಟ್ಟು, ಬೂಟು, ತುಂಬಿದ ಡಬ್ಬಿ ಸಮೇತ ನೀವು ಕೂತಾಗ ಇನ್ನೊಬ್ಬರು ಅದೇ ಎರಡು ಗುರುತಿನ ನಡುವೆ ಅಳೆಯಲಿ. ವ್ಯತ್ಯಾಸ ಹಿಂದಿನ ಸಸ್ಪೆನ್ಷನ್ನಿನ ಒಟ್ಟು ಓಡಾಟದ ಮೂರನೇ ಒಂದು ಭಾಗದ ಆಸುಪಾಸು ಇರಬೇಕು. ರಾಯಲ್ ಎನ್‌ಫೀಲ್ಡಿನ ಹಳೇ ಹಿಮಾಲಯನ್ 411ರಲ್ಲಿ ಹಿಂದಿನ ಓಡಾಟ 180 ಮಿಲಿಮೀಟರ್, ಅಂದರೆ ಸುಮಾರು ಅರವತ್ತು. ಅದಕ್ಕಿಂತ ತುಂಬಾ ಹೆಚ್ಚು ಕುಸಿದರೆ ಪ್ರೀಲೋಡ್ ರಿಂಗನ್ನು ಸಿ ಪಾನಾದಲ್ಲಿ ಒಂದೊಂದೇ ಮೆಟ್ಟಿಲು ಏರಿಸಿ, ಮತ್ತೆ ಅಳೆಯಿರಿ. ಪ್ರೀಲೋಡ್ ಬದಲಿಸಿದ ಮೇಲೆ ಚೈನಿನ ಸಡಿಲ ಮತ್ತೆ ನೋಡಲೇಬೇಕು.

ಆ ಯುವಕರ ಗಾಡಿಯಲ್ಲಿ ಪ್ರೀಲೋಡ್ ಅತಿ ಮೃದುವಿನ ಸ್ಥಾನದಲ್ಲಿತ್ತು. ಡಬ್ಬಿಯಲ್ಲಿ ಪಂಕ್ಚರ್ ಕಿಟ್, ಏರ್ ಪಂಪು, ಟೂಲ್ಸು, ಬೀಗದ ಸರಪಳಿ ಎಲ್ಲ ಇದ್ದವು. ಟೂಲ್ಸು ಮತ್ತು ಸರಪಳಿಯನ್ನು ಟ್ಯಾಂಕಿನ ಪಕ್ಕದ ಚೀಲಕ್ಕೆ ಇಳಿಸಿ, ಪ್ರೀಲೋಡ್ ಏರಿಸಿದ ಮೇಲೆ ಎಂಬತ್ತರಲ್ಲೂ ಗಾಡಿ ನೆಟ್ಟಗೆ ಹೋಯಿತು. ಡಬ್ಬಿಯಲ್ಲಿ ಎಷ್ಟು ಕಿಲೋ ಹಾಕಬಹುದು ಅಂತ ರ್‍ಯಾಕಿನ ಮೇಲೆ ಬರೆದಿರುತ್ತದೆ, ಡಬ್ಬಿಯ ಮೇಲೂ ಬರೆದಿರುತ್ತದೆ. ಎರಡರಲ್ಲಿ ಕಡಿಮೆ ಇರುವುದೇ ನಿಮ್ಮ ಮಿತಿ. ಹಲವು ರ್‍ಯಾಕುಗಳ ಮಿತಿ ಐದು ಕಿಲೋ ದಾಟುವುದಿಲ್ಲ.

ಡಬ್ಬಿ ಬಿಚ್ಚಿ ಪ್ರೀಲೋಡ್ ಸರಿ ಮಾಡಿದರೂ ಆಟ ಉಳಿದರೆ ರ್‍ಯಾಕಿನ ಬೋಲ್ಟು, ಸ್ವಿಂಗ್ ಆರ್ಮಿನ ಬುಷ್, ಚಕ್ರದ ಬೇರಿಂಗ್, ಚೈನ್ ಅಡ್ಜಸ್ಟರಿನ ಎರಡೂ ಬದಿಯ ಗೆರೆ ಸಮ ಇದೆಯೇ ಅಂತ ನೋಡಿ. ಕೋನ್ ಸೆಟ್ ಪರೀಕ್ಷೆಗೆ ಮುಂದಿನ ಚಕ್ರ ಎತ್ತಿ ಫೋರ್ಕಿನ ಕೆಳತುದಿ ಹಿಡಿದು ಮುಂದೆ ಹಿಂದೆ ಅಲ್ಲಾಡಿಸಿ. ಟಕ್ ಅಂದರೆ ಸಡಿಲ. ಹ್ಯಾಂಡಲನ್ನು ಮೆಲ್ಲಗೆ ತಿರುಗಿಸುವಾಗ ನಟ್ಟ ನಡುವೆ ಕಚ್ಚಿ ನಿಂತರೆ ಬೇರಿಂಗ್ ಗುಳಿಬಿದ್ದಿದೆ.

ಆಷಾಢದಲ್ಲಿ ಶಿರಾ, ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೋದವರಿಗೆ ಅಡ್ಡಗಾಳಿಯ ಹೊಡೆತ ಗೊತ್ತು. ಅಲ್ಲಿ ಸುತ್ತ ಗಾಳಿಯಂತ್ರ ನೆಟ್ಟಿರುವುದೇ ಆ ಗಾಳಿಗಾಗಿ. ಅಲ್ಲಿ ಮಾತ್ರ ಆಡುವ ಗಾಡಿಗೆ ರೋಗವಿಲ್ಲ, ಡಬ್ಬಿ ಶೀಲ್ಡುಗಳ ಮೈ ದೊಡ್ಡದಾಯಿತು ಅಷ್ಟೆ.

ಓಡುವಾಗಲೇ ತೂಗಲು ಶುರುವಾದರೆ ಬ್ರೇಕ್ ಜಗ್ಗಬೇಡಿ, ಹ್ಯಾಂಡಲ್ ಬಿಗಿಯಾಗಿ ಹಿಡಿಯಬೇಡಿ. ಬಿಗಿ ಹಿಡಿದಷ್ಟೂ ನಿಮ್ಮ ಉದ್ದ ತೋಳು ಮೈಯ ಅಲುಗಾಟವನ್ನು ಹ್ಯಾಂಡಲಿಗೆ ಸಾಗಿಸುತ್ತದೆ. ಮಂಡಿಯಿಂದ ಟ್ಯಾಂಕ್ ಹಿಡಿದು, ಮುಂದಕ್ಕೆ ಬಾಗಿ, ಆಕ್ಸಿಲರೇಟರ್ ಮೆಲ್ಲಗೆ ಬಿಡಿ.

ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಇಂಜಿನ್ ಏರುವುದು ಅಥವಾ ನಿಲ್ಲುವುದು

ದೇವರಾಯನದುರ್ಗದ ತಿರುವಿನಲ್ಲಿ ನಿಧಾನ ತಿರುಗಿಸುವಾಗ ಇಂಜಿನ್ ತಾನಾಗಿಯೇ ಏರಿತು, ಅಥವಾ ಪೆಟ್ರೋಲ್ ಬಂಕಿನಲ್ಲಿ ಯೂ ಟರ್ನ್ ಹೊಡೆಯುವಾಗ ಆಫ್ ಆಯಿತು. ಇವೆರಡಕ್ಕೂ ರೈಸರನ್ನೇ ಮೊದಲು ಸಂದೇಹಿಸಿ. ಹ್ಯಾಂಡಲ್ ಮೂವತ್ತು ಮಿಲಿಮೀಟರ್ ಮೇಲೆ ಹೋದರೆ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಬ್ರೇಕ್ ಹೋಸ್, ಸ್ವಿಚ್ಚಿನ ವೈರು ಎಲ್ಲವೂ ಅಷ್ಟು ದೂರ ಹೆಚ್ಚು ಎಟುಕಬೇಕು. ನೇರ ನಿಂತಾಗ ಸಾಲುತ್ತವೆ, ಪೂರ್ತಿ ತಿರುಗಿಸಿದಾಗ ಎಳೆಯುತ್ತವೆ.

ಮೇನ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ಲಿನಲ್ಲಿ ಇಂಜಿನ್ ಐಡಲ್ ಬಿಟ್ಟು, ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸಿ. ಆರ್‌ಪಿಎಂ ಸ್ವಲ್ಪ ಏರಿದರೂ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ, ಆ ಗಾಡಿ ಅಂದೇ ನಿಲ್ಲಿಸಿ ಕೇಬಲಿನ ದಾರಿ ಬದಲಿಸಬೇಕು. ಕೇಬಲ್ಲೇ ಇಲ್ಲದ ರೈಡ್ ಬೈ ವೈರ್ ಗಾಡಿಗಳಲ್ಲಿ ಈ ದೋಷ ಬರುವುದಿಲ್ಲ, ಆದರೆ ಇಂಜಿನ್ ನಿಲ್ಲುವ ದೋಷ ಬರುತ್ತದೆ. ಇಂಜಿನ್ ಆಫ್ ಮಾಡುವ ಕಿಲ್ ಸ್ವಿಚ್ಚಿನ ವೈರು ಬಿಗಿದು ಕನೆಕ್ಟರಿನಲ್ಲಿ ಸಡಿಲವಾಗಿರುತ್ತದೆ. ಇಂಜಿನ್ ಓಡುವಾಗ ಕನೆಕ್ಟರನ್ನು ಬೆರಳಲ್ಲಿ ಅಲುಗಿಸಿದರೆ ತಿಳಿಯುತ್ತದೆ.

ಎರಡೂ ತುದಿಯಲ್ಲಿ ಕ್ಲಚ್ ಲಿವರಿನ ಸಡಿಲವನ್ನೂ ಅಳೆಯಿರಿ. ಒಂದು ತುದಿಯಲ್ಲಿ ಸಡಿಲವೇ ಇಲ್ಲದಿದ್ದರೆ ಅಲ್ಲಿ ಕ್ಲಚ್ ಅರ್ಧ ಹಿಡಿದಂತೆ. ಬ್ರೇಕ್ ಹೋಸನ್ನು ಫೋರ್ಕ್ ಪೂರ್ತಿ ಚಾಚಿರುವಾಗ, ಅಂದರೆ ಮುಂದಿನ ಚಕ್ರ ಎತ್ತಿರುವಾಗ ನೋಡಬೇಕು. ನೆಲದ ಮೇಲೆ ಸಡಿಲ ಕಂಡ ಹೋಸು ಹಳ್ಳ ಹಾರಿದಾಗ ಬಿಗಿಯಬಹುದು. ಎಳೆತ ಇದ್ದರೆ ಉದ್ದದ ಹೋಸು ಹಾಕಿಸಿ. ಕ್ಲಿಪ್ ಕಿತ್ತು ಹೊಂದಿಸುವುದು ಬೇಡ.

ರೈಸರಿನ ಬೋಲ್ಟು ಕಂಪನಿ ಬೋಲ್ಟಿಗಿಂತ ಉದ್ದ ಇರಲೇಬೇಕು. ಎಂಟು ಮಿಲಿಮೀಟರ್ ಬೋಲ್ಟು ಅಲ್ಯೂಮಿನಿಯಂ ಮರೆಯೊಳಗೆ (ಬೋಲ್ಟು ತಿರುಗಿ ಹಿಡಿಯುವ ಥ್ರೆಡ್) ಕನಿಷ್ಠ ಹನ್ನೆರಡು ಮಿಲಿಮೀಟರ್ ಇಳಿದಿರಬೇಕು. ಎರಡೇ ಸುತ್ತು ಹಿಡಿದಿದ್ದರೆ ಮರೆ ಕಿತ್ತು ಹ್ಯಾಂಡಲ್ ಕೈಗೆ ಬರುತ್ತದೆ. ಬಿಗಿಯನ್ನು ಟಾರ್ಕ್ ಪಾನಾದಲ್ಲಿ ಮಾಲೀಕರ ಕೈಪಿಡಿಯ ಅಂಕಿಗೆ ಹಿಡಿಯಿರಿ.

ಇಷ್ಟೆಲ್ಲ ಮಾಡಿಯೂ ಬೆನ್ನು ನೋವು ಹೋಗದಿದ್ದರೆ ರೈಸರ್ ಬೇಕಾಗಿತ್ತೇ ಅಂತ ಯೋಚಿಸಿ. ಮಂಡಿ ಮಡಚಿದಾಗ ಸೊಂಟ ಹಿಂದಕ್ಕೆ ಉರುಳುತ್ತದೆ, ಬೆನ್ನು ಗೂನಾಗುತ್ತದೆ, ಕೈ ಎಟುಕದಂತಾಗುತ್ತದೆ. ಅದರ ಮದ್ದು ಸೀಟು. ಸೀಟು ಸರಿಯಾದ ಮೇಲೆ ರೈಸರ್ ಬೇಡವಾದವರೂ ಇದ್ದಾರೆ.

ಹಿಂದಿನ ಡಿಸ್ಕ್ ಕಾಯುವುದು

ಇದು ಅಪಾಯದ ದೋಷ. ಇದಕ್ಕೂ ತಗ್ಗಿಸಿದ ಫುಟ್‌ರೆಸ್ಟಿಗೂ ಸಂಬಂಧ ಇದೆ ಅಂತ ಬಹಳ ಜನಕ್ಕೆ ಹೊಳೆಯುವುದಿಲ್ಲ.

ಫುಟ್‌ರೆಸ್ಟ್ ಒಂದಿಂಚು ಕೆಳಗೆ ಹೋದರೆ ಬ್ರೇಕ್ ಪೆಡಲ್ ಪಾದಕ್ಕಿಂತ ಮೇಲೆ ಉಳಿಯುತ್ತದೆ. ಅದನ್ನೂ ತಗ್ಗಿಸಲು ಪೆಡಲ್ ಸ್ಟಾಪರಿನ ಬೋಲ್ಟು ತಿರುಗಿಸುತ್ತಾರೆ. ಆದರೆ ಪೆಡಲ್ ತಗ್ಗಿದಷ್ಟೂ ಅದರ ಹಿಂತುದಿ ಬ್ರೇಕ್ ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರಿನ ಕಡ್ಡಿಯನ್ನು ಮೇಲಕ್ಕೆ ತಳ್ಳುತ್ತದೆ. ಕಡ್ಡಿಯನ್ನೂ ಅಷ್ಟೇ ಗಿಡ್ಡ ಮಾಡದಿದ್ದರೆ, ಕಾಲು ಇಡದಿದ್ದರೂ ಪಿಸ್ಟನ್ ಸ್ವಲ್ಪ ಒತ್ತಿಕೊಂಡೇ ಇರುತ್ತದೆ. ಬ್ರೇಕ್ ಆಯಿಲ್ ವಾಪಸ್ ತನ್ನ ಆಯಿಲ್ ಡಬ್ಬಿಗೆ ಹೋಗುವ ಸಣ್ಣ ರಂಧ್ರ ಮುಚ್ಚಿಹೋಗುತ್ತದೆ. ಓಡುತ್ತ ಆಯಿಲ್ ಕಾಯ್ದು ಹಿಗ್ಗುತ್ತದೆ, ಹೋಗಲು ದಾರಿಯಿಲ್ಲದೆ ಪ್ಯಾಡನ್ನು ಒತ್ತುತ್ತದೆ, ಇನ್ನಷ್ಟು ಕಾಯುತ್ತದೆ. ಕೊನೆಗೆ ಚಕ್ರ ಕಚ್ಚಿ ನಿಲ್ಲುತ್ತದೆ.

ಗುರುತುಗಳು: ಮೈಲೇಜ್ ಇಳಿಯುವುದು, ಕಾಲು ತೆಗೆದರೂ ಬ್ರೇಕ್ ಲೈಟ್ ಉರಿಯುತ್ತಿರುವುದು, ನಿಂತ ಗಾಡಿ ತಳ್ಳಲು ಭಾರವಾಗುವುದು. ಹತ್ತು ಕಿ.ಮೀ. ಓಡಿಸಿ, ಮೇನ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ, ಹೊರಡುವ ಮುಂಚಿನದಕ್ಕೆ ಹೋಲಿಸಿ. ಡಿಸ್ಕ್ ಮುಟ್ಟಬೇಡಿ, ಒಂದು ಹನಿ ನೀರು ಬಿಟ್ಟು ಚುಯ್ಯ್ ಅಂದರೆ ಸಾಕು. ಆಮೇಲೆ ಕಡ್ಡಿಯ ಲಾಕ್ ನಟ್ ಸಡಿಲಿಸಿ ಕಡ್ಡಿ ಗಿಡ್ಡ ಮಾಡಿ, ಪೆಡಲಿಗೆ ಬೆರಳಲ್ಲಿ ತಿಳಿಯುವಷ್ಟು ಪ್ಲೇ ಬಿಡಿಸಿ, ಕೊನೆಗೆ ಬ್ರೇಕ್ ಲೈಟ್ ಸ್ವಿಚ್ ಹೊಂದಿಸಿ. ದಾರಿಯಲ್ಲೇ ಚಕ್ರ ಬಿಗಿದರೆ ಗಾಡಿ ಬದಿಗೆ ಹಾಕಿ ಆರಲು ಬಿಡಿ, ಹಾಗೇ ಎಳೆದುಕೊಂಡು ಹೋಗಬೇಡಿ.

ಗೇರ್ ಲಿವರ್ ಕೂಡ ಪಾದದ ಜೊತೆ ಕೆಳಗೆ ಬರಬೇಕು. ಬೂಟಿನ ತುದಿ ಲಿವರಿನ ಕೆಳಗೆ ನುಸುಳದಿದ್ದರೆ ಗೇರ್ ಅರ್ಧ ಬಿದ್ದು ಜಾರುತ್ತದೆ, ಜನ ಗೇರ್‌ಬಾಕ್ಸ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಸೈಡ್ ಸ್ಟ್ಯಾಂಡ್ ಹೊಸ ಫುಟ್‌ರೆಸ್ಟಿಗೆ ತಗುಲದೆ ಪೂರ್ತಿ ಮಡಚುತ್ತದೆಯೇ ಅಂತಲೂ ನೋಡಿ. ಪೂರ್ತಿ ಮಡಚದಿದ್ದರೆ ಅದರ ಸ್ವಿಚ್ ಗೇರ್ ಹಾಕಿದ ತಕ್ಷಣ ಇಂಜಿನ್ ನಿಲ್ಲಿಸುತ್ತದೆ.

ಬ್ಯಾಟರಿ ಕೂರುವುದು, ಲೈಟು ಮಿಣುಕುವುದು

ಮಲ್ಟಿಮೀಟರ್ ಒಂದಿದ್ದರೆ ಇದು ಎಲ್ಲಕ್ಕಿಂತ ಸುಲಭ. ರಾತ್ರಿ ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟಿನ ಸುಮಾರು ತೋರಿಸಬೇಕು. ಇಂಜಿನ್ ಓಡಿಸಿ ಮೂರು ನಾಲ್ಕು ಸಾವಿರ ಆರ್‌ಪಿಎಂನಲ್ಲಿ 13.5ರಿಂದ 14.5 ಬರಬೇಕು. ಈಗ ಫಾಗ್ ಲ್ಯಾಂಪ್ ಹಾಕಿ ಐಡಲ್ಲಿಗೆ ಬಿಡಿ. 13ಕ್ಕಿಂತ ಕೆಳಗಿಳಿದು ಅಲ್ಲೇ ನಿಂತರೆ, ಟೌನ್ ಹಾಲ್ ಸರ್ಕಲ್ಲಿನ ಸಿಗ್ನಲ್ಲಿನಂಥ ಕಡೆ ನೀವು ಬ್ಯಾಟರಿಯಿಂದ ತಿನ್ನುತ್ತಿದ್ದೀರಿ. ಊರೊಳಗೆ ಲ್ಯಾಂಪ್ ಆಫ್ ಇಡಿ. ಎದುರಿನವರ ಕಣ್ಣಿಗೂ ಅದು ಒಳ್ಳೆಯದು.

ಓಡಿಸುವಾಗ ಎಲ್ಲ ಸರಿ, ಮೂರು ದಿನ ನಿಂತರೆ ಸೆಲ್ಫ್ ಎತ್ತುವುದಿಲ್ಲ ಅಂದರೆ ಸೋರಿಕೆ ಇದೆ. ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ಮೀಟರನ್ನು ಹತ್ತು ಆಂಪಿಯರ್ ಸ್ಥಾನದಲ್ಲಿಟ್ಟು ವೈರಿಗೂ ಟರ್ಮಿನಲ್ಲಿಗೂ ನಡುವೆ ಸೇರಿಸಿ. ಕೀ ಆನ್ ಮಾಡಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ. ಕೆಲವೇ ಮಿಲಿ ಆಂಪಿಯರ್ ತೋರಿದರೆ ಗಡಿಯಾರದ್ದು, ಬಿಡಿ. ಐವತ್ತು ತೋರಿದರೆ ಎಂಟು ಆಂಪಿಯರ್ ಅವರ್ ಬ್ಯಾಟರಿ 160 ಗಂಟೆಯಲ್ಲಿ ಪೂರ್ತಿ ಖಾಲಿ, ಸೆಲ್ಫ್ ಎತ್ತದಂತಾಗಲು ಅದರ ಅರ್ಧ ಸಾಕು. ಹೊಸ ಸಾಮಾನಿನ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯಿರಿ, ಅಂಕಿ ಬಿದ್ದಲ್ಲಿ ಕಳ್ಳ ಇದ್ದಾನೆ. ಹೆಚ್ಚಾಗಿ ಸಿಗುವುದು ಬ್ಯಾಟರಿಗೆ ನೇರ ಕೊಟ್ಟ ಯುಎಸ್‌ಬಿ ಚಾರ್ಜರ್. ಅದನ್ನು ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ವೈರಿನಿಂದ ಓಡುವ ರಿಲೇ (ಸಣ್ಣ ಕರೆಂಟಿನಿಂದ ಆನ್ ಆಗುವ ಸ್ವಿಚ್ಚು) ಮೂಲಕ ಕೊಡಿಸಿ.

ಇಪ್ಪತ್ತು ವಾಟಿನ ಎರಡು ಎಲ್‌ಇಡಿ ಲ್ಯಾಂಪಿಗೆ ಮೂರು ಆಂಪಿಯರ್ ಸಾಕು, ಐದರ ಫ್ಯೂಸ್ ಹಾಕಿ. ಮೂವತ್ತರ ಫ್ಯೂಸ್ ಹಾಕಿದರೆ ಫ್ಯೂಸಿಗಿಂತ ಮೊದಲು ವೈರು ಸುಡುತ್ತದೆ. ಲೈಟು ಹ್ಯಾಂಡಲ್ ತಿರುಗಿಸಿದಾಗ ಮಾತ್ರ ಮಿಣುಕಿದರೆ ಫೋರ್ಕಿನ ಕುತ್ತಿಗೆಯಲ್ಲಿ ವೈರು ಉಜ್ಜಿ ಕವಚ ಹರಿದಿದೆ. ಟೇಪ್ ಸುತ್ತಿ ಬಿಡದೆ ದಾರಿ ಬದಲಿಸಿ, ಸಡಿಲ ಬಿಟ್ಟು ಕಟ್ಟಿ.

ಫೋನ್ ಹೋಲ್ಡರಿನ ಬಗ್ಗೆ ಒಂದು ಮಾತು. ದೊಡ್ಡ ಇಂಜಿನ್ನಿನ ಬೈಕಿನ ಕಂಪನಕ್ಕೆ ಫೋನ್ ಕ್ಯಾಮೆರಾದೊಳಗಿನ ಸ್ಥಿರತೆಯ ವ್ಯವಸ್ಥೆ ಕೆಡಬಹುದು ಅಂತ 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿತ್ತು. ಕಂಪನ ತಡೆಯುವ ರಬ್ಬರ್ ಇರುವ ಹೋಲ್ಡರ್ ತಗೊಳ್ಳಿ. ಕನ್ನಡಿಯಲ್ಲಿ ಬರೀ ಮೊಣಕೈ ಕಂಡರೆ ಎಕ್ಸ್‌ಟೆನ್ಷನ್ ಹಾಕಿಸಿ. ಕೆಲವು ಗಾಡಿಗಳಲ್ಲಿ ಬಲಗನ್ನಡಿಯ ಮರೆ ಎಡಕ್ಕೆ ತಿರುಗುತ್ತದೆ, ಬಲವಂತ ಮಾಡಬೇಡಿ.

ವಾಪಸ್ ಹಾಕುವ ಕ್ರಮ

ಎಲ್ಲ ಬಿಚ್ಚಿ ಹುಡುಕಿದ ಮೇಲೆ ಮತ್ತೆ ಹಾಕುವಾಗ ಸೀಟಿನಿಂದ ಶುರು ಮಾಡಿ. ಎತ್ತರದವರು ಸೀಟು ಎತ್ತರವಾದರೂ ನೆಲಕ್ಕೆ ಕಾಲು ಕೊಡಬಲ್ಲರು, ಅದೇ ಅವರಿಗಿರುವ ದೊಡ್ಡ ಅನುಕೂಲ. ಹಿಮಾಲಯನ್ 450ರಲ್ಲಿ ಕಂಪನಿ ಸೀಟನ್ನೇ 825ರಿಂದ 845 ಮಿಲಿಮೀಟರಿಗೆ ಏರಿಸಬಹುದು, ಹೊರಗೆ ಖರ್ಚು ಮಾಡುವ ಮೊದಲು ಅದನ್ನು ಮಾಡಿ. ಸೀಟಿನಿಂದ ಮಂಡಿ ಸರಿಹೋದರೆ ಫುಟ್‌ರೆಸ್ಟ್ ತಗ್ಗಿಸಲೇ ಬೇಡಿ, ತಿರುವಿನಲ್ಲಿ ಅದು ನೆಲಕ್ಕೆ ಉಜ್ಜುವ ಭಯ ಇರುವುದಿಲ್ಲ. ಆಮೇಲೆ ಹ್ಯಾಂಡಲ್, ಆಮೇಲೆ ಶೀಲ್ಡ್, ಕೊನೆಗೆ ಡಬ್ಬಿ ಮತ್ತು ಲೈಟು. ಪ್ರತಿಯೊಂದರ ನಡುವೆ ದಾಬಸ್‌ಪೇಟೆವರೆಗೆ ಒಂದು ಓಟ. ಹಾಕಿದ ಬೋಲ್ಟುಗಳಿಗೆ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್ ಲಾಕರ್, ಒಂದೊಂದು ಹನಿ ಬಿಟ್ಟು, ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಲೋಹಕ್ಕೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಇನ್ನೂರು ಕಿ.ಮೀ. ಆದ ಮೇಲೆ ಗೆರೆ ಎರಡು ತುಂಡಾಗಿ ಕಂಡ ಬೋಲ್ಟನ್ನು ಬಿಚ್ಚಿ, ಒರೆಸಿ, ಮತ್ತೆ ಅಂಟು ಹಾಕಿ ಬಿಗಿಯಿರಿ.